ಮೂರೇ ಅಕ್ಷರ

ಜೆಪ್ಪುವಿನ ಹಂಚಿನ ಕಾರ್ಖಾನೆ ಮುಚ್ಚಿದ ವರ್ಷ
ಅಪ್ಪನ ಕೈಗೆ ಬಂದ ಕೊನೆಯ ಸಂಬಳದಲ್ಲಿ
ಹತ್ತು ರೂಪಾಯಿ ಕದ್ದೆ.
ಈಗ ಹೇಳುತ್ತಿರುವುದು ಪಶ್ಚಾತ್ತಾಪಕ್ಕಲ್ಲ, ಲೆಕ್ಕ ಒಪ್ಪಿಸಲಿಕ್ಕೆ:
ಎಂಟು ರೂಪಾಯಿ ಫಳ್ನೀರಿನಲ್ಲಿ, ಪುಂಡಲೀಕ ಪೈಗಳ ಅಂಗಡಿಯ ಹಿಂದೆ,
ಗೋಣಿ ಪರದೆಯ ಕೋಣೆಯ ಗೇಮಿನ ಪೆಟ್ಟಿಗೆಗೆ;
ಎರಡು, ಚಿತ್ರಕಥೆಗಳ ಬಾಡಿಗೆಗೆ.

ಸತ್ತ ಮೇಲೆ ಆ ಪೆಟ್ಟಿಗೆ ಹೆಸರು ಕೇಳುತ್ತಿತ್ತು.
ಎಲ್ಲರದ್ದಲ್ಲ, ತುಂಬ ಹೊತ್ತು ಸಾಯದೆ ಉಳಿದವರದ್ದು.
ಮೂರೇ ಅಕ್ಷರ, ಅದೂ ಇಂಗ್ಲಿಷಿನವು.
ಬಂದರಿನ ನೌಶೀರ ಎನ್ ಎಸ್ ಆರ್ ಎಂದು ಒತ್ತಿ
ಸ್ವರ ಬಿಟ್ಟರೂ ಹೆಸರು ನಿಲ್ಲುತ್ತದೆ,
ಅರಬಿಯಲ್ಲಿ ಬರೆಯುವುದೇ ಹಾಗೆ, ಎನ್ನುತ್ತಿದ್ದ.
ನಾನು ಜೆಮೀಮಾ ಸೂರ್ಯಕಾಂತಿ ಅಮ್ಮನ್ನ.
ಬೈಬಲಿನದೊಂದು, ಅಂಗಳದ್ದೊಂದು,
ಅಜ್ಜನ ಅಜ್ಜ ದೀಕ್ಷಾಸ್ನಾನದ ನೀರಿನಲ್ಲೂ
ಬಿಡದೆ ಹಿಡಿದುಕೊಂಡು ಮೇಲೆದ್ದದ್ದೊಂದು.
ಯಾವುದನ್ನು ಕತ್ತರಿಸಲಿ?
ಪರದೆಯ ಮೂಲೆಯಲ್ಲಿ ಹತ್ತು, ಒಂಬತ್ತು, ಎಂಟು...
ಗಾಬರಿಯಲ್ಲಿ ಒತ್ತಿದ್ದು
ಚಾಪೆಯಲ್ಲಿ ಮಲಗಿ ಮೇಲೆ ನೋಡಿದರೆ ದಿನಾ ಕಾಣುತ್ತಿದ್ದ,
ಮಾಡಿನ ಪ್ರತಿ ಹಂಚಿನ ಅಡಿಯಲ್ಲೂ ಒತ್ತಿದ್ದ
ಕಾರ್ಖಾನೆಯ ಮೂರಕ್ಷರ.
ಕರೆಂಟು ಹೋಯಿತು, ಅದೂ ಹೋಯಿತು.
ಮಂಗಳೂರಿನ ಜೂನ್ ತಿಂಗಳಲ್ಲಿ ಆ ಪೆಟ್ಟಿಗೆಯೊಳಗೆ
ಯಾರ ಹೆಸರೂ ಎರಡು ದಿನ ಬಾಳಿದ್ದಿಲ್ಲ.

ಚಿತ್ರಕಥೆಗಳಲ್ಲಿ ಎದೆಗೆ ಕತ್ತಿ ಇಳಿದವನೂ
“ಅಯ್ಯೋ, ನಾನು ಮೋಸಹೋದೆನು!” ಎಂದು
ವ್ಯಾಕರಣ ತಪ್ಪದೆ ಸಾಯುತ್ತಿದ್ದ.
ಘಟ್ಟದ ಮೇಲಿನವರು ನನ್ನ ಮಾತು ಕೇಳಿ
ಎಂತ ಪುಸ್ತಕ ಓದಿದ ಹಾಗೆ, ಎಂದು ನಗುವಾಗ
ನಾನೂ ನಗುತ್ತೇನೆ. ಮತ್ತೆಲ್ಲಿ ಕಲಿತದ್ದು?
ಆ ಬಿಳಿ ಗುಳ್ಳೆಗಳಲ್ಲೇ.

ಕಣ್ಣು ಮಂಜಾದ ಅಜ್ಜಿಗೆ ಗುಳ್ಳೆಗಳನ್ನು ತುಳುವಿಗೆ ಇಳಿಸಿ ಓದುತ್ತಿದ್ದೆ.
ಮುಖವಾಡದ ವೀರ ಮೂರು ಪುಟ ಓಡಿದ ಎಂದರೆ
“ವಣಸ್ ಆಂಡಾ?” ಎಂದು ಹಾಳೆಯನ್ನೇ ಕೇಳುವರು.
ಪೈಗಳ ಅರ್ಧ ಪುಸ್ತಕಗಳಿಗೆ ಕೊನೆಯ ಹಾಳೆ ಇರುತ್ತಿರಲಿಲ್ಲ;
ಮುಗಿಸುವ ಕೆಲಸ ನನ್ನದು.
ಹಾಗಾಗಿ ಅಜ್ಜಿಯ ಲೆಕ್ಕದಲ್ಲಿ
ಲೋಕವನ್ನು ಎರಡು ಬಾರಿ ಉಳಿಸಿದ ಆ ಮನುಷ್ಯ
ಉಳ್ಳಾಲದಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದಾನೆ, ಇವತ್ತಿಗೂ.

ನಾನೂ ಚಿತ್ರ ಬರೆದು, ಗುಳ್ಳೆ ಊದಿ, ನಾಲ್ಕು ಕಾಸು ಕಂಡ ಮೇಲೆ
ಮೈಕು ಹಿಡಿದವರು ಕೇಳುತ್ತಾರೆ:
ನಿಮ್ಮ ಬೇರು ಯಕ್ಷಗಾನದಲ್ಲಿರಬೇಕಲ್ಲ?
ಹೌದೆನ್ನಲು ಎಷ್ಟು ಆಸೆ.
ಬಣ್ಣದ ವೇಷ ಏಳುವ ಹೊತ್ತಿಗೆ ನನಗೆ ನಿದ್ದೆ ಸ್ವಾಮಿ,
ಪ್ರತಿ ಸಲವೂ.

ಮೊನ್ನೆ ತಮ್ಮನ ಮಗಳು ರಿಯೋನಾ ಹೊಸ ಆಟ ತೆರೆದಳು.
ಮೊದಲು ನಿನ್ನನ್ನು ನೀನೇ ಮಾಡಿಕೋ, ಎಂದಿತು ಅದು.
ಚರ್ಮಕ್ಕೆ ಜೇನು, ಕಾಫಿ, ಬಾದಾಮಿ, ಎಲ್ಲ ತಿನ್ನುವ ಹೆಸರು.
ಭಾಷೆಗಳ ಪಟ್ಟಿ ಕೆಳಗೆ, ಕೆಳಗೆ, ಇನ್ನೂ ಕೆಳಗೆ ಹೋಯಿತು;
ನಮ್ಮ ಯಾವುದೂ ಬರಲಿಲ್ಲ.
ಅವಳಿಗೇನೂ ಬೇಜಾರಿಲ್ಲ,
ಎರಡು ಕೊಂಬು ಇಟ್ಟುಕೊಂಡು ಹೊರಟಳು.

ಬಾಯಿಗೆ ಬಾರದ ಹೆಸರಿನ ಪಟ್ಟಣ. ಸಂಜೆ.
ಅವಳು ಗೋಡೆ ಹತ್ತಿ ಮಾಡಿನ ಮೇಲೆ ನಿಂತಾಗ
ನಾನು ಕೂಗಿಯೇ ಬಿಟ್ಟೆ: ನಮ್ಮ ಹಂಚು!
ಅದೇ ಕೆಂಪು, ನೀರು ಹರಿಯುವ ಅದೇ ಎರಡು ಗೆರೆ.
“ಇದು ಯುರೋಪ್, ಮಾಮಿ.”
ಸರಿಯೇ. ಅಚ್ಚು ಜರ್ಮನಿಯವರು ತಂದದ್ದು,
ಮಣ್ಣು ಮಾತ್ರ ನೇತ್ರಾವತಿಯ ದಂಡೆಯದ್ದು;
ಭಾನುವಾರ ನಾವು ಹಾಡುವುದೂ ಹಾಗೆಯೇ,
ರಾಗ ಹಡಗಿನಲ್ಲಿ ಬಂದದ್ದು, ಮಾತು ಕನ್ನಡದ್ದು.
ಯಾರದ್ದು ಎಂದು ಕೇಳಿದರೆ
ಬೆಂದ ಮೇಲೆ ಬೇರ್ಪಡಿಸಿ ಕೊಡಿ ಎಂದ ಹಾಗೆ.

ಮೂವತ್ತೊಂದು ವರ್ಷ ಅಪ್ಪ ಮಾಡಿದ್ದು ಒಂದೇ ಕೆಲಸ:
ಗೂಡಿನಿಂದ ಇಳಿಸಿದ ಹಂಚಿಗೆ ಬೆರಳ ಗಂಟಿನಿಂದ ಹೊಡೆದು
ಕಿವಿ ಕೊಡುವುದು.
ಟಣ್ ಎಂದರೆ ಲಾರಿಗೆ, ಇಲ್ಲವಾದರೆ ರಾಶಿಗೆ.

ಕೊಂಬಿನ ಹುಡುಗಿ ಮಾಡಿನುದ್ದಕ್ಕೂ ಓಡಿದಳು,
ಠಕ ಠಕ ಠಕ.
ಮೂಲೆಯ ಕುರ್ಚಿಯಲ್ಲಿ, ನಿದ್ದೆ ಎಂದುಕೊಂಡಿದ್ದೆವು,
ಕಣ್ಣು ತೆರೆಯದೆಯೇ ಅಪ್ಪ ಹೇಳಿದರು:
“ಬೆಂದಿಲ್ಲ ಅದು.”